ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜ್: ಕಸದ ಬುಟ್ಟಿಗೆ ಹಾಕುವ ಮುಂಚೆ ಕಾನೂನು ಏನು ಹೇಳುತ್ತದೆ?

ಮನೆಯಲ್ಲಿ ಒಬ್ಬರು ದಿನಕ್ಕೆ ಎರಡು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಪ್ರತಿ ಸಲ ಹೊಸ ಸೂಜಿ ಬಳಸುತ್ತಾರೆ ಅಂದುಕೊಳ್ಳಿ. ತಿಂಗಳಿಗೆ 60 ಸೂಜಿ ಆಯಿತು. ಶುಗರ್ ನೋಡಲು ಬೆರಳಿಗೆ ಚುಚ್ಚುವ ಲ್ಯಾನ್ಸೆಟ್‌ಗಳ ಲೆಕ್ಕ ಬೇರೆ. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಅಧ್ಯಯನವೊಂದು 2023ರಲ್ಲಿ ಹೇಳಿತು. ಇವರೆಲ್ಲರೂ ಇನ್ಸುಲಿನ್ ಚುಚ್ಚಿಕೊಳ್ಳುವುದಿಲ್ಲ, ನಿಜ. ಚುಚ್ಚಿಕೊಳ್ಳುವವರ ಸೂಜಿಗಳಾದರೂ ಎಲ್ಲಿಗೆ ಹೋಗುತ್ತವೆ?

ಎಷ್ಟೋ ಮನೆಗಳಲ್ಲಿ ಕ್ಯಾಪ್ ಹಾಕಿ ಸುಮ್ನೆ ಡಸ್ಟ್‌ಬಿನ್‌ಗೆ ಎಸೆಯುತ್ತಾರೆ. ಸ್ವಲ್ಪ ಹುಷಾರಾದವರು ಹಾಲಿನ ಪ್ಯಾಕೆಟ್‌ನಲ್ಲಿ ಸುತ್ತಿ ಎಸೆಯುತ್ತಾರೆ. ಸೂಜಿಗೆ ಹಾಲಿನ ಪ್ಯಾಕೆಟ್ ಯಾವ ಲೆಕ್ಕ?

ಇದೇ ಸೂಜಿ ಆಸ್ಪತ್ರೆಯಲ್ಲಿ ಬಳಕೆಯಾಗಿದ್ದರೆ ಅದಕ್ಕೆ ಬಿಳಿ ಬಣ್ಣದ, ಸೂಜಿ ತೂರದ, ಸೋರದ, ಮತ್ತೆ ತೆರೆಯಲಾಗದ ಡಬ್ಬಿ ಬೇಕು. ಡಬ್ಬಿಯ ಮೇಲೆ ಬಾರ್‌ಕೋಡ್ ಬೇಕು. ಮನೆಯ ಸೂಜಿಗೆ ಇಂಥ ಯಾವ ಕಾನೂನೂ ಇಲ್ಲ ಎಂದು ತುಂಬ ಜನ ನಂಬಿದ್ದಾರೆ. ಆದರೆ ಇದೆ. 2016ರಲ್ಲಿ ಹತ್ತೇ ಹದಿನೈದು ದಿನದ ಅಂತರದಲ್ಲಿ ಬಂದ ಎರಡು ನಿಯಮಗಳು ಇದರ ಬಗ್ಗೆ ಮಾತಾಡುತ್ತವೆ. ಮನೆಯವರ ಕೆಲಸ ಅವುಗಳಲ್ಲಿ ಎರಡು ಸಾಲಿನದು. ಪಾಲಿಕೆಯ ಕೆಲಸ ಅದಕ್ಕಿಂತ ತುಂಬ ದೊಡ್ಡದು. ಆ ದೊಡ್ಡ ಭಾಗದ ಸುದ್ದಿಯೇ ನಮ್ಮ ಕಿವಿಗೆ ಬಿದ್ದಿಲ್ಲ.

ಒಂದು ಸೂಜಿ, ಎರಡು ನಿಯಮ

ಮೊದಲನೆಯದು ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮ. ಇದು 2016ರ ಮಾರ್ಚ್ 28ರಂದು ಪ್ರಕಟವಾಯಿತು. ಇದಕ್ಕೂ ಮುಂಚೆ 1998ರ ನಿಯಮ ಇತ್ತು. ಆಸ್ಪತ್ರೆ, ಕ್ಲಿನಿಕ್, ಲ್ಯಾಬ್, ರಕ್ತನಿಧಿ, ಪಶು ಆಸ್ಪತ್ರೆ, ಲಸಿಕೆ ಶಿಬಿರ, ರಕ್ತದಾನ ಶಿಬಿರ, ಶಾಲೆಯ ಪ್ರಥಮ ಚಿಕಿತ್ಸೆ ಕೋಣೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಓದುತ್ತಾ ಹೋದರೆ ಮನೆಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಯಾವ ಬಣ್ಣದ ಚೀಲಕ್ಕೆ ಯಾವ ಕಸ ಎಂದು ಹೇಳುವ ಒಂದನೇ ಅನುಸೂಚಿಯ ಎರಡನೇ ಭಾಗಕ್ಕೆ ಬಂದಾಗ ಮಾತ್ರ ಮನೆಯ ಮಾತು ಬರುತ್ತದೆ. ಮನೆಯಲ್ಲಿ ಆರೈಕೆ ಮಾಡುವಾಗ ಹುಟ್ಟುವ ವೈದ್ಯಕೀಯ ಕಸವನ್ನು ಇದೇ ನಿಯಮದ ಪ್ರಕಾರ ಬೇರ್ಪಡಿಸಬೇಕು, ಪ್ರತ್ಯೇಕ ಚೀಲ ಅಥವಾ ಡಬ್ಬಿಯಲ್ಲಿ ಪಾಲಿಕೆಯ ಕಸ ಸಂಗ್ರಹಿಸುವವರಿಗೆ ಕೊಡಬೇಕು ಎಂದು ಅಲ್ಲಿದೆ. ಮುಂದಿನ ವಾಕ್ಯ ಪಾಲಿಕೆಗೆ. ನಗರದ ಸ್ಥಳೀಯ ಸಂಸ್ಥೆ ಸಾಮೂಹಿಕ ವೈದ್ಯಕೀಯ ತ್ಯಾಜ್ಯ ಘಟಕದ (ಹಲವು ಆಸ್ಪತ್ರೆಗಳ ಕಸವನ್ನು ಒಂದೇ ಕಡೆ ಸಂಸ್ಕರಿಸುವ ಜಾಗ) ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಆ ಘಟಕದ ಗಾಡಿ ಕಸ ವಿಂಗಡಣೆ ಕೇಂದ್ರದಿಂದಲೋ ನೇರವಾಗಿ ಮನೆಯಿಂದಲೋ ಇದನ್ನು ಒಯ್ಯಬೇಕು.

ನೇರವಾಗಿ ಮನೆಯಿಂದ! ಇಷ್ಟು ಸ್ಪಷ್ಟವಾಗಿ ಬರೆದದ್ದು ಅನುಸೂಚಿಯ ಟಿಪ್ಪಣಿಗಳ ನಡುವೆ ಕೂತಿದೆ. ಯಾರ ಕಣ್ಣಿಗೆ ಬೀಳಬೇಕು?

ಎರಡನೆಯದು ಘನತ್ಯಾಜ್ಯ ನಿರ್ವಹಣಾ ನಿಯಮ, 2016ರ ಏಪ್ರಿಲ್ 8ರದ್ದು. ಇದು 2026ರ ಮಾರ್ಚ್‌ವರೆಗೆ ಜಾರಿಯಲ್ಲಿತ್ತು. ಮನೆಯ ಕಸವನ್ನು ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸಬೇಕು ಎಂದು ಹೇಳಿದ್ದು ಇದೇ. ಮೂರನೆಯ ಗುಂಪಿನಲ್ಲಿ ಪೇಂಟ್ ಡಬ್ಬ, ಕೀಟನಾಶಕದ ಡಬ್ಬ, ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟ್, ಅವಧಿ ಮುಗಿದ ಔಷಧಿ, ಒಡೆದ ಪಾದರಸದ ಥರ್ಮಾಮೀಟರ್, ಬ್ಯಾಟರಿ ಇವುಗಳ ಜೊತೆ ಬಳಸಿದ ಸೂಜಿ, ಸಿರಿಂಜ್‌ಗಳ ಹೆಸರೂ ಇತ್ತು. ಇಂಥ ಕಸ ತೆಗೆದುಕೊಳ್ಳಲು ಸ್ಥಳೀಯ ಸಂಸ್ಥೆ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ತೆರೆಯಬೇಕಿತ್ತು. ಅದು ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂದು ಜನರಿಗೆ ತಿಳಿಸಬೇಕಿತ್ತು.

ನಿಮ್ಮ ಬಡಾವಣೆಗೆ ಹತ್ತಿರದ ಕೇಂದ್ರ ಯಾವುದು? ನನ್ನ ಪರಿಚಯದವರಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ.

ಹೀಗೆ ಒಂದೇ ಸೂಜಿ ಒಂದು ನಿಯಮದಲ್ಲಿ ವೈದ್ಯಕೀಯ ಕಸ, ಇನ್ನೊಂದರಲ್ಲಿ ಅಪಾಯಕಾರಿ ಕಸ. ಎರಡೂ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಬಂದ ನಿಯಮಗಳು. ಎರಡರ ದಾರಿ ಮಾತ್ರ ಬೇರೆ. ಮೊದಲನೆಯದರ ಪ್ರಕಾರ ಸೂಜಿ ವೈದ್ಯಕೀಯ ತ್ಯಾಜ್ಯ ಘಟಕಕ್ಕೆ ಹೋಗಬೇಕು. ಎರಡನೆಯದರ ಪ್ರಕಾರ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕಕ್ಕೆ, ಇಲ್ಲವೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದ ಕಡೆಗೆ. ಇಬ್ಬರು ಯಜಮಾನರಿರುವ ಹಸುವಿಗೆ ಮೇವು ಹಾಕುವವರು ಯಾರು ಅನ್ನುವ ಹಾಗಾಗಿದೆ ಇದರ ಕಥೆ. ನನ್ನ ಮಟ್ಟಿಗೆ ವೈದ್ಯಕೀಯ ತ್ಯಾಜ್ಯದ ನಿಯಮವೇ ಇದಕ್ಕೆ ಸರಿಯಾದ ಜಾಗ. ಸೂಜಿಯನ್ನು ಕ್ರಿಮಿರಹಿತ ಮಾಡಿ ಪುಡಿ ಮಾಡುವ ಯಂತ್ರಗಳು ಆ ಘಟಕದಲ್ಲೇ ಇವೆ. ಗಾಡಿಗಳು ಹೇಗೂ ದಿನಾ ಕ್ಲಿನಿಕ್‌ಗಳಿಗೆ ಬರುತ್ತಿವೆ.

2026ರ ಏಪ್ರಿಲ್ 1ರಿಂದ ಹಳೆಯ ಘನತ್ಯಾಜ್ಯ ನಿಯಮದ ಜಾಗಕ್ಕೆ ಹೊಸದು ಬಂದಿದೆ. ಈಗ ಮೂರರ ಬದಲು ನಾಲ್ಕು ಗುಂಪು: ಹಸಿ, ಒಣ, ಸ್ಯಾನಿಟರಿ, ಮತ್ತು ವಿಶೇಷ ಜಾಗ್ರತೆ ಬೇಕಾದ ಕಸ. ಮನೆಯ ಅಪಾಯಕಾರಿ ಕಸ ಈ ನಾಲ್ಕನೆಯದರ ಕೆಳಗೆ ಬರುತ್ತದೆ. ಅಧಿಕೃತ ಸಂಸ್ಥೆಯವರು ಬಂದು ಒಯ್ಯಬೇಕು, ಇಲ್ಲವೇ ನಾವು ಗೊತ್ತುಮಾಡಿದ ಕೇಂದ್ರಕ್ಕೆ ಕೊಡಬೇಕು. ಡಯಾಪರ್, ಪ್ಯಾಡ್‌ಗಳ ಜೊತೆ ಸೂಜಿಯನ್ನೂ ತುರುಕುವ ಅಭ್ಯಾಸ ಇದರಿಂದಾದರೂ ತಪ್ಪಬೇಕು.

ಆ ಅಭ್ಯಾಸಕ್ಕೆ ಬೆಂಗಳೂರಿನಲ್ಲಿ ಒಂದು ಕಾರಣವೂ ಇದೆ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇಡೀ ನಗರಕ್ಕೆ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಹಸಿ ಕಸ, ಚೀಲಕ್ಕೆ ಒಣ ಕಸ, ಕೆಂಪು ಬುಟ್ಟಿಗೆ ಉಳಿದದ್ದು. ಉಳಿದದ್ದು ಅಂದ ಮೇಲೆ ಪ್ಯಾಡು, ಬ್ಯಾಂಡೇಜು, ಸೂಜಿ, ಕೂದಲು, ಕಸ ಗುಡಿಸಿದ ಧೂಳು ಎಲ್ಲ ಒಟ್ಟಿಗೇ ಬಂತು. ಹಸಿ, ಒಣ ಬೇರ್ಪಡಿಸುವುದನ್ನು ನಗರಕ್ಕೆ ಕಲಿಸಿದ ಒಳ್ಳೆಯ ಪದ್ಧತಿ ಅದು. ಸೂಜಿಯ ಮಟ್ಟಿಗೆ ಮಾತ್ರ ಕೆಂಪು ಬುಟ್ಟಿ ಸಾಕಾಗುವುದಿಲ್ಲ.

ಚುಚ್ಚುವುದು ಯಾರ ಕೈಗೆ?

ಕಸ ಒಯ್ಯುವ ಆಟೋ ಟಿಪ್ಪರ್ ಹತ್ತಿರ ಒಂದು ಹತ್ತು ನಿಮಿಷ ನಿಂತು ನೋಡಿ. ಕೊಟ್ಟ ಬುಟ್ಟಿಯನ್ನು ಪೌರಕಾರ್ಮಿಕರು ಸುರಿಯುತ್ತಾರೆ. ಹಸಿ ಕಸದಲ್ಲಿ ಪ್ಲಾಸ್ಟಿಕ್ ಕಂಡರೆ ಕೈ ಹಾಕಿ ತೆಗೆಯುತ್ತಾರೆ. ಕೈಗವಸು, ಗಂಬೂಟು, ಮಾಸ್ಕ್ ಕೊಡಬೇಕು ಎಂದು ನಿಯಮದಲ್ಲಿದೆ. ಕೊಟ್ಟರೂ ಆ ತೆಳ್ಳನೆಯ ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ. ಅಲ್ಲಿಂದ ಕಸ ಒಣ ಕಸ ಕೇಂದ್ರಕ್ಕೆ ಹೋದರೆ ಅಲ್ಲಿ ಮತ್ತೆ ಕೈಯಿಂದಲೇ ವಿಂಗಡಣೆ. ಅದೂ ತಪ್ಪಿದರೆ ಚಿಂದಿ ಆಯುವವರ ಕೈ.

ರಕ್ತದ ಸೋಂಕಿರುವವರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಆರೋಗ್ಯ ಸಿಬ್ಬಂದಿಯ ಅನುಭವದಿಂದ ಬಂದ ಲೆಕ್ಕ ಇದೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 30ರವರೆಗೂ ಹೋಗುತ್ತದೆ. ಹೆಪಟೈಟಿಸ್ ಸಿ ಶೇ 2ರ ಒಳಗೆ. ಎಚ್‌ಐವಿ ಶೇ 0.3. ಇವೆಲ್ಲ ಆಗಷ್ಟೇ ಬಳಸಿದ ಸೂಜಿಯ ಲೆಕ್ಕ. ಕಸದಲ್ಲಿ ದಿನಗಟ್ಟಲೆ ಬಿದ್ದ ಸೂಜಿಯಿಂದ ಅಪಾಯ ಕಡಿಮೆ. ಹಾಗಂತ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಒಂದು ವಾರವಾದರೂ ಬದುಕಿರುತ್ತದೆ. ನಮ್ಮ ಮನೆಯಲ್ಲಿ ಯಾರಿಗೂ ಅಂಥ ಕಾಯಿಲೆ ಇಲ್ಲವಲ್ಲ ಎನ್ನುತ್ತೀರಾ? ಸೂಜಿ ಚುಚ್ಚಿಸಿಕೊಂಡವರಿಗೆ ಅದು ಯಾರ ಮನೆಯದು ಅಂತ ಹೇಗೆ ಗೊತ್ತಾಗಬೇಕು? ಪರೀಕ್ಷೆ, ಔಷಧಿ, ತಿಂಗಳುಗಟ್ಟಲೆ ಭಯ ಎಲ್ಲವನ್ನೂ ಅವರು ಅನುಭವಿಸಲೇಬೇಕು.

ಯಾರಿಗಾದರೂ ಚುಚ್ಚಿದರೆ ಜಾಗವನ್ನು ಸೋಪು, ನೀರಿನಿಂದ ತೊಳೆಯಬೇಕು. ಹಿಂಡಬಾರದು, ಬಾಯಿಗಿಟ್ಟು ಚೀಪಬಾರದು. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯ ಒಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಬೇಕೋ ಬೇಡವೋ ಎಂಬುದನ್ನು ವೈದ್ಯರು ನಿರ್ಧರಿಸಲಿ. ನಾಳೆ ನೋಡೋಣ ಅಂತ ಕೂರುವ ವಿಷಯ ಅಲ್ಲ.

ಬಳಸಿದ ಸಿರಿಂಜ್ ಹಾಗೇ ಹೊರಗೆ ಹೋಗಬಾರದು ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. 2009ರ ಆರಂಭದಲ್ಲಿ ಗುಜರಾತಿನ ಮೊಡಾಸಾ ಪಟ್ಟಣದಲ್ಲಿ ಹೆಪಟೈಟಿಸ್ ಬಿ ಹರಡಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜ್‌ಗಳನ್ನೇ ಮತ್ತೆ ಬಳಸಿದ್ದರಿಂದ ಹಾಗಾಯಿತು ಎಂಬುದು ತನಿಖೆಯಲ್ಲಿ ಬಂತು. ಬಳಸಿದ ಸಿರಿಂಜ್‌ಗಳ ವ್ಯಾಪಾರವೂ ಆಗ ಬಯಲಾಯಿತು. ಅಲ್ಲಿನ ತಪ್ಪು ವೈದ್ಯರದು, ಗುಜರಿ ವ್ಯಾಪಾರದ್ದು. ಆದರೆ ಸಿರಿಂಜ್ ಮತ್ತೆ ಬಳಕೆಗೆ ಬಾರದ ಹಾಗೆ ಕತ್ತರಿಸಿ ಹಾಳುಮಾಡಬೇಕು ಎಂದು ನಿಯಮ ಯಾಕೆ ಒತ್ತಿ ಹೇಳುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಮನೆಯಲ್ಲಿ ಮಾಡಬೇಕಾದ್ದು

ದುಡ್ಡು ಕೊಟ್ಟು ಬಿಳಿ ಡಬ್ಬಿ ತರಬೇಕೆಂದೇನಿಲ್ಲ. ಫಿನಾಯಿಲ್ ಅಥವಾ ಬಟ್ಟೆ ಒಗೆಯುವ ಲಿಕ್ವಿಡ್ ಬರುವ ದಪ್ಪ ಪ್ಲಾಸ್ಟಿಕ್ ಕ್ಯಾನ್ ಸಾಕು. ತಿರುಗಿಸಿ ಬಿಗಿ ಮಾಡುವ ಮುಚ್ಚಳ ಇರಬೇಕು. ನೀರಿನ ಬಾಟಲಿ ಬೇಡ, ಅದು ತೆಳು, ತುಳಿದರೆ ಚಪ್ಪಟೆಯಾಗಿ ಸೂಜಿ ಹೊರಗೆ ಬರುತ್ತದೆ. ಗಾಜಿನ ಬಾಟಲಿಯೂ ಬೇಡ.

ನಮ್ಮಲ್ಲಿ ಜಾಸ್ತಿ ಸಿಗುವುದು 40 ಯೂನಿಟ್‌ನ, ಕೆಂಪು ಕ್ಯಾಪ್‌ನ ಇನ್ಸುಲಿನ್ ಸಿರಿಂಜ್. ಅದರ ಸೂಜಿ ಬಿಚ್ಚಲು ಬರುವುದಿಲ್ಲ. ಹಾಗಾಗಿ ಸಿರಿಂಜ್ ಸಮೇತ ಕ್ಯಾನಿಗೆ ಹಾಕಬೇಕು. ಆಸ್ಪತ್ರೆಯ ನಿಯಮದಲ್ಲೂ ಸೂಜಿ ಅಂಟಿಕೊಂಡಿರುವ ಸಿರಿಂಜ್ ಬಿಳಿ ಡಬ್ಬಿಗೇ ಹೋಗುತ್ತದೆ. ಇನ್ಸುಲಿನ್ ಪೆನ್ ಬಳಸುವವರು ಸೂಜಿಯನ್ನು ಮಾತ್ರ ತಿರುಗಿಸಿ ತೆಗೆದು ಹಾಕಿದರೆ ಆಯಿತು. ಒಂದು ಮಾತು ನೆನಪಿರಲಿ. ಪೆನ್ ಸೂಜಿಗೆ ಎರಡೂ ಕಡೆ ಮೊನೆ ಇರುತ್ತದೆ. ಒಳಗಿನ ಮೊನೆ ಕಾಟ್ರಿಡ್ಜ್‌ಗೆ ಚುಚ್ಚುವಂಥದ್ದು. ಹೊರಗಿನ ದೊಡ್ಡ ಕ್ಯಾಪ್ ಹಾಕಿಯೇ ತಿರುಗಿಸಬೇಕು. ಕ್ಯಾಪನ್ನು ಬೆರಳಲ್ಲಿ ಹಿಡಿದು ಸೂಜಿಗೆ ತೊಡಿಸಲು ಹೋದಾಗಲೇ ಚುಚ್ಚಿಕೊಳ್ಳುವುದು. ಕ್ಯಾಪನ್ನು ಮೇಜಿನ ಮೇಲಿಟ್ಟು ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ. ಅಪ್ಪನಿಗೋ ಅತ್ತೆಗೋ ಇಂಜೆಕ್ಷನ್ ಕೊಡುವವರು ನೀವಾಗಿದ್ದರೆ ಇದು ಇನ್ನೂ ಮುಖ್ಯ. ಲ್ಯಾನ್ಸೆಟ್, ಆಪರೇಷನ್ ಆದಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ಚುಚ್ಚಿಕೊಳ್ಳುವ ಔಷಧಿ ತುಂಬಿದ ಸಿರಿಂಜ್, ಮಕ್ಕಳಾಗುವ ಚಿಕಿತ್ಸೆಯ ಇಂಜೆಕ್ಷನ್‌ಗಳು ಎಲ್ಲವೂ ಅದೇ ಕ್ಯಾನಿಗೆ. ಸೂಜಿಯನ್ನು ಬಗ್ಗಿಸುವುದು, ಮುರಿಯುವುದು, ಬ್ಲೀಚಿಂಗ್ ನೀರಲ್ಲಿ ನೆನೆಸುವುದು ಇವೇನೂ ಮನೆಯಲ್ಲಿ ಬೇಡ.

ಮುಕ್ಕಾಲು ತುಂಬಿದಾಗ ನಿಲ್ಲಿಸಿ ಮುಚ್ಚಳ ಬಿಗಿ ಮಾಡಿ, ಸುತ್ತ ಟೇಪ್ ಹಾಕಿ. ಹಳೆಯ ಲೇಬಲ್ ಕಿತ್ತು ‘ಬಳಸಿದ ಸೂಜಿ, ತೆರೆಯಬೇಡಿ’ ಎಂದು ದೊಡ್ಡದಾಗಿ ಬರೆಯಿರಿ. ಸಿರಿಂಜಿನ ಒಂದು ಚಿತ್ರವನ್ನೂ ಬಿಡಿಸಿ. ಕಸ ವಿಂಗಡಿಸುವ ಎಲ್ಲರಿಗೂ ಕನ್ನಡ ಓದಲು ಬರುತ್ತದೆ ಎಂದು ಹೇಳಲಾಗದು, ಬೇರೆ ರಾಜ್ಯದಿಂದ ಬಂದವರೂ ಅವರಲ್ಲಿದ್ದಾರೆ.

ಎಡವುವುದು ಇದರ ನಂತರ. ಕ್ಯಾನ್ ಪ್ಲಾಸ್ಟಿಕ್ ಅಲ್ವಾ ಎಂದು ಒಣ ಕಸದ ಚೀಲಕ್ಕೆ ಹಾಕಿಬಿಡುತ್ತೇವೆ. ಗುಜರಿಯಲ್ಲಿ ದಪ್ಪ ಪ್ಲಾಸ್ಟಿಕ್‌ಗೆ ಬೆಲೆ ಇದೆ. ಯಾರೋ ಒಬ್ಬರು ಅದನ್ನು ತೆರೆದು, ಒಳಗಿದ್ದದ್ದನ್ನು ನೆಲಕ್ಕೆ ಸುರಿದು, ಕ್ಯಾನನ್ನು ಮಾರುತ್ತಾರೆ. ನೀವು ಪಟ್ಟ ಶ್ರಮವೆಲ್ಲ ನೀರುಪಾಲು. ಅದನ್ನು ಬೇರೆಯಾಗಿಯೇ ಇಟ್ಟುಕೊಂಡು ಪೌರಕಾರ್ಮಿಕರ ಕೈಗೇ ಕೊಡಿ. ‘ಅಕ್ಕಾ, ಇದರಲ್ಲಿ ಸೂಜಿ ಇದೆ’ ಎಂದು ಬಾಯಿಬಿಟ್ಟು ಹೇಳಿ. ಅವರು ಎಲ್ಲಿಗೆ ಕೊಡುತ್ತಾರೆ ಎಂದೂ ಕೇಳಿ. ಹೆಚ್ಚಿನ ಕಡೆ ‘ಅದಕ್ಕೇ ಅಂತ ಬೇರೆ ಜಾಗ ಇಲ್ಲ ಸಾರ್’ ಅನ್ನುವ ಉತ್ತರ ಬಂದರೆ ಆಶ್ಚರ್ಯವಿಲ್ಲ.

ಹಾಗಾದರೆ ಇನ್ನೊಂದು ದಾರಿ ನಿಮ್ಮ ಡಾಕ್ಟರ್, ನರ್ಸಿಂಗ್ ಹೋಮ್ ಅಥವಾ ಲ್ಯಾಬ್. ಅವರಿಗೆ ವೈದ್ಯಕೀಯ ತ್ಯಾಜ್ಯ ಘಟಕದ ಜೊತೆ ಒಪ್ಪಂದ ಇರಲೇಬೇಕು. ನಿಮ್ಮ ಕ್ಯಾನನ್ನು ತೆಗೆದುಕೊಳ್ಳಲೇಬೇಕು ಎಂಬ ಕಡ್ಡಾಯ ಅವರ ಮೇಲಿಲ್ಲ. ಪರಿಚಯದವರಾದರೆ, ವಿನಯದಿಂದ ಕೇಳಿದರೆ ಒಪ್ಪುವವರೂ ಇದ್ದಾರೆ. ಮೊದಲೇ ಫೋನ್ ಮಾಡಿ ಕೇಳಿ ಹೋಗಿ, ಕೌಂಟರ್ ಮೇಲೆ ಇಟ್ಟು ಬರಬೇಡಿ.

ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬಿನವರು ಸೂಜಿಯನ್ನು ನಿಮ್ಮ ಬುಟ್ಟಿಗೆ ಹಾಕಿ ಹೋಗುವಂತಿಲ್ಲ, ಅದು ಅವರ ಕಸ. ಗಟ್ಟಿಯಾಗಿ ಹೇಳಿ. ಹೋಮ್ ನರ್ಸಿಂಗ್ ಏಜೆನ್ಸಿಯವರನ್ನು ನೇಮಿಸುವಾಗಲೇ ಬಳಸಿದ ಸೂಜಿ ಯಾರು ಒಯ್ಯುತ್ತಾರೆ ಎಂದು ಮಾತಾಡಿಕೊಳ್ಳುವುದು ಒಳ್ಳೆಯದು.

ಹಳ್ಳಿಯಲ್ಲಿ

2016ರ ಘನತ್ಯಾಜ್ಯ ನಿಯಮ ಮುಖ್ಯವಾಗಿ ನಗರ, ಪಟ್ಟಣಗಳಿಗೆ ಬರೆದದ್ದು. ಹಳ್ಳಿಗಳು ಅದರಿಂದ ಹೊರಗುಳಿದಿದ್ದವು. ಹೊಸ ನಿಯಮ ಗ್ರಾಮೀಣ ಸ್ಥಳೀಯ ಸಂಸ್ಥೆಗಳನ್ನೂ ಒಳಗೆ ತಂದಿದೆ. ಕರ್ನಾಟಕದ ಎಷ್ಟೋ ಪಂಚಾಯಿತಿಗಳಲ್ಲಿ ‘ಸ್ವಚ್ಛ ವಾಹಿನಿ’ ಗಾಡಿ ಮನೆಬಾಗಿಲಿಗೆ ಬರುತ್ತಿದೆ. ಎಷ್ಟೋ ಕಡೆ ಗಾಡಿ ಓಡಿಸುವವರೂ ಕಸ ಬೇರ್ಪಡಿಸುವವರೂ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಆ ಗಾಡಿಗೆ ಒಣ ಕಸ ಮಾತ್ರ ಕೊಡಿ ಎಂದಿರುತ್ತಾರೆ. ಅದರೊಳಗೆ ಸೂಜಿ ಹೋದರೆ ಚುಚ್ಚುವುದು ಅದೇ ಊರಿನ ಅಕ್ಕನಿಗೋ ಚಿಕ್ಕಮ್ಮನಿಗೋ.

ಗಾಡಿ ಬಾರದ ಕಡೆ ಸೂಜಿ ತಿಪ್ಪೆಗೆ ಹೋಗುತ್ತದೆ. ತಿಪ್ಪೆಯಿಂದ ಗೊಬ್ಬರದ ಜೊತೆ ಹೊಲಕ್ಕೆ. ಹೊಲದಲ್ಲಿ ನಡೆಯುವುದು ಬರಿಗಾಲಲ್ಲಿ. ಒಲೆಗೆ ಹಾಕಿದರೆ ಪ್ಲಾಸ್ಟಿಕ್ ಸುಟ್ಟು ಹೊಗೆಯಾಗುತ್ತದೆ, ಸೂಜಿ ಬೂದಿಯಲ್ಲಿ ಹಾಗೇ ಉಳಿಯುತ್ತದೆ. ಆ ಬೂದಿಯಲ್ಲೇ ಪಾತ್ರೆ ಉಜ್ಜುವ ಮನೆಗಳು ಇನ್ನೂ ಇವೆ. ಹಳ್ಳಿಯವರಿಗೆ ನನಗೆ ಕಾಣುವ ಅತ್ಯುತ್ತಮ ಜಾಗ ಪ್ರಾಥಮಿಕ ಆರೋಗ್ಯ ಕೇಂದ್ರ. ಮಕ್ಕಳಿಗೆ ಲಸಿಕೆ ಹಾಕಿದ ಸೂಜಿಗಳ ವಿಲೇವಾರಿಗೆ ಅವರ ಬಳಿ ಹೇಗೂ ಒಂದು ವ್ಯವಸ್ಥೆ ಇರಬೇಕು. ಆಶಾ ಕಾರ್ಯಕರ್ತೆಯ ಹತ್ತಿರ ಒಂದು ಮಾತು ಕೇಳಿ ನೋಡಿ. ಹಸುವಿಗೆ ಇಂಜೆಕ್ಷನ್ ಕೊಡಲು ಬರುವವರಿಗೂ ಸಿರಿಂಜ್ ಕೊಟ್ಟಿಗೆಯಲ್ಲಿ ಬಿಟ್ಟುಹೋಗಬೇಡಿ ಎನ್ನಿ. ಪಶುವೈದ್ಯ ಸಂಸ್ಥೆಗಳೂ ಇದೇ ನಿಯಮದೊಳಗೆ ಬರುತ್ತವೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರಿಗೆ ಒಂದು ಸೂಚನೆ. ಕನ್ನಡಿಗರು ಜಾಸ್ತಿ ಇರುವ ಕ್ಯಾಲಿಫೋರ್ನಿಯಾದಲ್ಲಿ 2008ರ ಸೆಪ್ಟೆಂಬರ್‌ನಿಂದ ಮನೆಯ ಸೂಜಿಯನ್ನು ಕಸದ ಡಬ್ಬಕ್ಕಾಗಲಿ ಮರುಬಳಕೆಯ ಡಬ್ಬಕ್ಕಾಗಲಿ ಹಾಕುವುದು ಕಾನೂನುಬಾಹಿರ. ಅಲ್ಲಿ ಸೂಜಿ ತಯಾರಿಸಿ ಮಾರುವ ಕಂಪನಿಗಳೇ ಅದನ್ನು ವಾಪಸ್ ಪಡೆಯುವ ಖರ್ಚು ಹೊರಬೇಕು ಎಂದು 2018ರಲ್ಲಿ ಇನ್ನೊಂದು ಕಾನೂನು ಬಂತು. ಈ ಎರಡನೆಯದು ನಮಗೂ ಬೇಕು ಅನ್ನಿಸುತ್ತದೆ. ಸೂಜಿ ಮಾರಿ ಲಾಭ ಮಾಡುವವರ ಮೇಲೆ ನಮ್ಮ ಎರಡು ನಿಯಮಗಳೂ ಭಾರ ಹಾಕಿದಂತೆ ಕಾಣುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಒಂದು ಡಬ್ಬ ಇಟ್ಟು, ಹೊಸ ಸೂಜಿ ಕೊಳ್ಳಲು ಬಂದವರು ಹಳೆಯದನ್ನು ಅಲ್ಲೇ ಕೊಟ್ಟುಹೋಗುವಂತೆ ಮಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತಿತ್ತು.

ಪಾಲಿಕೆಯನ್ನು ಕೇಳುವುದು ಹೇಗೆ?

ಈ ನಿಯಮಗಳನ್ನು ಮೀರಿದವರಿಗೆ ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಂನಲ್ಲಿ ಮೊದಲು ಐದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇತ್ತು. ಜನ ವಿಶ್ವಾಸ್ ಕಾಯ್ದೆ ಬಂದಮೇಲೆ, 2024ರ ಏಪ್ರಿಲ್‌ನಿಂದ, ಜೈಲಿನ ಜಾಗಕ್ಕೆ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಅಂಕಿ ದೊಡ್ಡದು. ಮನೆಯವರಿಗೆ ತಟ್ಟುವುದು ಸಾಮಾನ್ಯವಾಗಿ ಇದಲ್ಲ, ಕಸ ಬೇರ್ಪಡಿಸದಿದ್ದಕ್ಕೆ ಸ್ಥಳೀಯ ಸಂಸ್ಥೆ ಹಾಕುವ ದಂಡ.

ಇದೆಲ್ಲ ಕಾಗದದ ಮೇಲಷ್ಟೇ ಸಾಧ್ಯ ಅನ್ನುವವರಿಗೆ ಕೋವಿಡ್ ಕಾಲ ನೆನಪಿರಲಿ. ಮನೆಯಲ್ಲೇ ಚಿಕಿತ್ಸೆ ಪಡೆಯುವ ರೋಗಿಗಳ ಕಸವನ್ನು ಹಳದಿ ಚೀಲದಲ್ಲಿ ಬೇರೆಯಾಗಿ ಸಂಗ್ರಹಿಸಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಸೂಚನೆ ಕೊಟ್ಟಿತು. ಮನೆಗಳಿಂದ ವೈದ್ಯಕೀಯ ಕಸ ಒಯ್ಯುವ ಏರ್ಪಾಟು ಹಲವು ನಗರಗಳಲ್ಲಿ ಆಗ ಶುರುವಾಗಿತ್ತು. ಗಾಡಿ, ಘಟಕ, ಸಿಬ್ಬಂದಿ ಯಾವುದನ್ನೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ.

ಕೇಳಬೇಕಾದ್ದು ಪಾಲಿಕೆ, ನಗರಸಭೆ, ಪಟ್ಟಣ ಪಂಚಾಯಿತಿಯ ಆರೋಗ್ಯ ವಿಭಾಗವನ್ನು. ಬೆಂಗಳೂರಿನಲ್ಲಿ ಘನತ್ಯಾಜ್ಯ ನಿರ್ವಹಣೆಗೆ ಬೇರೆಯೇ ಕಂಪನಿ ಇದೆ. ಮನೆಯ ವೈದ್ಯಕೀಯ ಕಸ ಒಯ್ಯಲು ಯಾವ ಘಟಕದ ಜೊತೆ ಒಪ್ಪಂದ ಆಗಿದೆ, ಅದರ ಪ್ರತಿ ಕೊಡಿ ಎಂದು ಕೇಳಿ. ನಮ್ಮ ವಾರ್ಡಿಗೆ ಹತ್ತಿರದ ಸಂಗ್ರಹ ಕೇಂದ್ರ ಯಾವುದು, ಎಷ್ಟು ಗಂಟೆಗೆ ತೆರೆದಿರುತ್ತದೆ ಎಂದು ಕೇಳಿ. ಅಪಾರ್ಟ್‌ಮೆಂಟ್ ಸಂಘದ ಲೆಟರ್‌ಹೆಡ್‌ನಲ್ಲಿ ಬರೆದರೆ ಬೇಗ ಉತ್ತರ ಬರಬಹುದು. ಸಂಘದವರೇ ಎಲ್ಲ ಮನೆಯ ಕ್ಯಾನ್‌ಗಳನ್ನು ಒಂದೆಡೆ ಸೇರಿಸಿಟ್ಟರೆ ಗಾಡಿ ಕಳಿಸಿ ಎಂದು ಕೇಳಲು ಬಲವೂ ಬರುತ್ತದೆ.

ಪತ್ರಕ್ಕೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗೆ 30 ದಿನ ಗಡುವು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಹಾಗಾಗಿ ಪೀಠಿಕೆ ಬಿಟ್ಟು ಒಪ್ಪಂದದ ಪ್ರತಿಯನ್ನೇ ಮೊದಲು ಕೇಳಿ. ಒಪ್ಪಂದ ಆಗಿಲ್ಲ ಎಂಬ ಉತ್ತರ ಬಂದರೆ ಅದನ್ನು ಲಗತ್ತಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಬಹುದು.